ಹತ್ತೇತಿ ಅಂದೆ, ಸೋತೆ ಅನ್ನಲಿಲ್ಲ

ನನಗೆ ಸಿಟ್ಟು ಬೇಗ ಬರುತ್ತದೆ, ತಡವಾಗಿ ಇಳಿಯುತ್ತದೆ. ಗೋಕಾಕದಲ್ಲಿ ಒಂದು ರವಿವಾರ ಮಧ್ಯಾಹ್ನ ಬಂದ ಸಿಟ್ಟಂತೂ ಇನ್ನೂ ಪೂರ್ತಿ ಇಳಿದಿಲ್ಲ. ಆಗ ನನಗೆ ಹದಿನೇಳು ವರ್ಷ. ಈಗ ನನ್ನ ಕೈಯಲ್ಲೇ ರೆಫ್ರಿಯ ಚೀಟಿಗಳಿವೆ, ಹಳದಿ, ಕೆಂಪು, ಕಪ್ಪು ಮೂರೂ. ಆದರೂ ಆ ದಿನ ನೆನಪಾದರೆ ಕಿವಿ ಬಿಸಿಯಾಗುತ್ತದೆ. ಮರೆತುಬಿಡು ಎಂದವರು ಬಹಳ ಮಂದಿ. ಯಾಕೆ ಮರೆಯಬೇಕು?

ನಾನು ಕುಲಗೋಡದವಳು. ಫೆನ್ಸಿಂಗ್ ಕಲಿತದ್ದು ಮೂಡಲಗಿಯ ಒಂದು ಹಳೆಯ ಬೆಲ್ಲದ ಗೋದಾಮಿನಲ್ಲಿ. ನಮ್ಮ ಸಾಲೆಯ ಪಿ.ಟಿ. ಮಾಸ್ತರು ಎಲ್ಲೋ ಹದಿನೈದು ದಿನದ ಶಿಬಿರಕ್ಕೆ ಹೋಗಿ, ಆರು ಕತ್ತಿ, ನಾಲ್ಕು ಮಾಸ್ಕ್ ಹೊತ್ತುಕೊಂಡು ಬಂದಿದ್ದರು. ಕತ್ತಿ ಎಂದರೆ ಫಾಯಿಲ್, ತೆಳ್ಳಗೆ ಬಾಗುವಂಥದ್ದು, ಮೊನೆ ಮೊಂಡು. ಎದುರಾಳಿಯ ಎದೆ, ಹೊಟ್ಟೆ, ಬೆನ್ನಿಗೆ ಮೊನೆ ತಾಗಿಸಬೇಕು. ಗೋದಾಮಿನ ನೆಲ ಎಷ್ಟು ತೊಳೆದರೂ ಅಂಟಂಟು, ಬೂಟಿನ ಅಡಿ ಚರ್ ಚರ್ ಅನ್ನುತ್ತಿತ್ತು. ಇರುವೆಗಳು ನಮಗಿಂತ ಮೊದಲಿನಿಂದ ಅಲ್ಲಿದ್ದವು, ಅವು ನಮಗೆ ದಾರಿ ಬಿಟ್ಟದ್ದೇ ಇಲ್ಲ.

ಈ ಆಟದಲ್ಲಿ ಎಲ್ಲ ಜಗಳವೂ ಒಂದೇ ನಿಯಮದಿಂದ ಹುಟ್ಟುತ್ತದೆ. ಇಬ್ಬರ ಮೊನೆಯೂ ಒಟ್ಟಿಗೆ ತಾಗಿದರೆ ಪಾಯಿಂಟ್ ಒಬ್ಬರಿಗೇ, ಹಕ್ಕು ಯಾರದಿತ್ತೋ ಅವರಿಗೆ. ಮಾಸ್ತರು ಇದನ್ನು ಪುಸ್ತಕದಿಂದ ಹೇಳಿದಾಗ ನಮಗೊಂದೂ ತಿಳಿಯಲಿಲ್ಲ. ಆಮೇಲೆ ಅವರು ನಮ್ಮೂರ ಹಳ್ಳದ ಮೇಲಿನ ಕಿರುಸೇತುವೆಯನ್ನು ನೆನಪಿಸಿದರು. ಕಬ್ಬಿನ ಹಂಗಾಮಿನಲ್ಲಿ ಅದರ ಮೇಲೆ ಒಂದೇ ಟ್ರ್ಯಾಕ್ಟರಿಗೆ ಜಾಗ.

"ಯಾರ ಗಾಲಿ ಮೊದಲ ಸೇತುವಿ ಏರೇತಿ, ದಾರಿ ಅವಂದು. ಎದುರಿನಾವ ಸುಮ್ನ ನುಗ್ಗಿದ್ರ ತಪ್ಪು ಎದುರಿನಾವಂದು. ಆದರ ಮೊದಲ ಏರಿದಾವನ್ನ ನೀ ಅಡ್ಡ ಹಾಕಿ ನಿಲ್ಲಿಸಿದಿ ಅಂದ್ರ, ಅಲ್ಲಿಂದ ದಾರಿ ನಿಂದು" ಎಂದರು.

ಅಷ್ಟೇ. ಮೊದಲು ದಾಳಿ ಶುರು ಮಾಡಿದವಳಿಗೆ ಹಕ್ಕು. ಅವಳ ಕತ್ತಿಯನ್ನು ನನ್ನ ಕತ್ತಿಯಿಂದ ತಡೆದರೆ ಹಕ್ಕು ನನಗೆ ದಾಟುತ್ತದೆ. ನೋಡಲು ಸುಲಭ, ಆದರೆ ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಅದನ್ನು ನೋಡಿ ಹೇಳುವುದು ರೆಫ್ರಿಯ ಕೆಲಸ.

ದೊಡ್ಡ ಊರುಗಳಲ್ಲಿ ತಾಗಿದ್ದು ತಿಳಿಯಲು ಯಂತ್ರ ಇರುತ್ತದೆ. ಬೆನ್ನಿಗೆ ತಂತಿ ಕಟ್ಟುತ್ತಾರೆ, ಮೊನೆ ಒತ್ತಿದರೆ ಕೆಂಪು ಅಥವಾ ಹಸಿರು ದೀಪ ಹತ್ತುತ್ತದೆ. ನಮ್ಮ ಗೋದಾಮಿಗೆ ಯಂತ್ರ ಎಲ್ಲಿಂದ ಬರಬೇಕು? ಮಾಸ್ತರು ಮೊದಲು ಮೊನೆಗೆ ಹತ್ತಿ ಸುತ್ತಿ ಕುಂಕುಮದ ನೀರಿನಲ್ಲಿ ಅದ್ದಿಸಿದರು. ಒಂದು ವಾರದಲ್ಲಿ ನಮ್ಮ ಬಿಳಿ ಜಾಕೀಟುಗಳ ತುಂಬ ಕೆಂಪು ಕಲೆ. ನಮ್ಮವ್ವ ಉಳಿದ ತಾಯಂದಿರನ್ನು ಕಟ್ಟಿಕೊಂಡು ಗೋದಾಮಿಗೇ ಬಂದಳು. "ಮಾಸ್ತರ, ಈ ಕಲಿ ನೀವ ಬಂದು ತೊಳೀರಿ" ಎಂದಳು. ಕುಂಕುಮ ಅಲ್ಲಿಗೆ ನಿಂತಿತು.

ಆಮೇಲೆ ಬಂದದ್ದೇ ಕೈ ಎತ್ತುವ ಪದ್ಧತಿ. ಮೊನೆ ತಾಗಿಸಿಕೊಂಡವಳೇ ಖಾಲಿ ಕೈಯನ್ನು ಮೇಲೆತ್ತಿ "ಹತ್ತೇತಿ", ಅಂದರೆ ತಾಗಿದೆ, ಎನ್ನಬೇಕು. ತಾಗಿಸಿದವಳು ಬಾಯಿ ಬಿಡಬಾರದು. ತಾಗಿಯೂ ಕೈ ಎತ್ತದವಳಿಗೆ ಆ ದಿನ ಕತ್ತಿ ಇಲ್ಲ, ಕಸಬರಿಗೆ. ಹಕ್ಕು ಯಾರದು ಎಂಬುದನ್ನು ಆಮೇಲೆ ಮಾಸ್ತರು ಹೇಳುತ್ತಿದ್ದರು. ಐದು ವರ್ಷ ಹೀಗೇ ಆಡಿದೆ. ಕೊನೆಕೊನೆಗೆ ಕೈ ನನ್ನ ಮಾತನ್ನೇ ಕೇಳುತ್ತಿರಲಿಲ್ಲ, ಮೊನೆ ಮೈಗೆ ತಾಗಿದ ಕ್ಷಣ ತಾನೇ ಮೇಲೇಳುತ್ತಿತ್ತು. ಇದೇ ನಮ್ಮನ್ನು ಕೆಡಿಸುತ್ತದೆ ಎಂದು ಆಗ ಯಾರಿಗೆ ಗೊತ್ತು?

ಗೋಕಾಕದ ಆ ರವಿವಾರ ಜಿಲ್ಲಾ ತಂಡದ ಆಯ್ಕೆ ಇತ್ತು, ಅಲ್ಲಿ ದೀಪದ ಯಂತ್ರ ತಂದಿಟ್ಟಿದ್ದರು. ನಾಲ್ಕು ಹುಡುಗಿಯರು ರಾಜ್ಯಕ್ಕೆ ಹೋಗಬೇಕು, ಮೂವರು ಆಗಲೇ ಗಟ್ಟಿಯಾಗಿದ್ದರು. ನಾಲ್ಕನೆಯ ಜಾಗಕ್ಕೆ ನಾನು ಮತ್ತು ಬೆಳಗಾವಿಯ ಒಬ್ಬಳು. ಹದಿನೈದು ಪಾಯಿಂಟಿನ ಆಟ. ನನಗೆ ಅದು ಕೊನೆಯ ವರ್ಷ, ಮುಂದಿನ ವರ್ಷ ವಯಸ್ಸು ಮೀರುತ್ತಿತ್ತು. ಅವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು ಗೋಡೆಗೆ ಒರಗಿ ಕೂತಿದ್ದಳು.

ಆಟ ಹದಿನಾಲ್ಕು ಹದಿನಾಲ್ಕಕ್ಕೆ ಬಂತು. ಇನ್ನೊಂದೇ ಪಾಯಿಂಟ್.

ಬೆಳಗಾವಿಯವಳು ಮುನ್ನುಗ್ಗಿದಳು. ನಾನು ಅವಳ ಕತ್ತಿಯನ್ನು ತಡೆದೆ. ಟಣ್ ಎಂಬ ಸದ್ದು ಗೋಡೆಗೆ ಒರಗಿದ್ದ ಅವ್ವನಿಗೂ ಕೇಳಿಸಿತ್ತು. ತಡೆದ ಮರುಕ್ಷಣ ಅವಳ ಪಕ್ಕೆಗೆ ಮೊನೆ ಇಟ್ಟೆ. ಆದರೆ ಅವಳು ನಿಂತಿರಲಿಲ್ಲ, ತಡೆಸಿಕೊಂಡ ಕತ್ತಿಯನ್ನೇ ಮತ್ತೆ ಚಾಚಿದ್ದಳು, ಅದು ನನ್ನ ಎದೆಗೆ ತಾಗಿತು. ಎರಡೂ ದೀಪ ಹತ್ತಿದವು. ನನ್ನ ಎಡಗೈ ಮೇಲೆ ಹೋಯಿತು.

ರೆಫ್ರಿ ದೀಪಗಳನ್ನು ನೋಡಿದರು, ನೆಲ ನೋಡಿದರು. ಅವರಿಗೆ ಕಂಡಿಲ್ಲ ಎಂಬುದು ನನಗೆ ಆಗಲೇ ಗೊತ್ತಾಯಿತು, ಪಾಠ ಓದದೆ ಬಂದ ಹುಡುಗರ ಮುಖ ಹಾಗೇ ಇರುತ್ತದೆ. ಆಮೇಲೆ ಅವರ ಕಣ್ಣು ನನ್ನ ಕೈಯ ಮೇಲೆ ಬಿತ್ತು. ಒಮ್ಮೆಲೇ ಹಗುರಾದರು. ಬೆಳಗಾವಿಯವಳ ಕಡೆ ಕೈ ತೋರಿಸಿ "ದಾಳಿ, ಪಾಯಿಂಟ್" ಎಂದರು. ಆಟ ಮುಗಿಯಿತು.

ನಾನು ಮಾಸ್ಕ್ ತೆಗೆದೆ. "ಸರ್, ನಿಮಗೇನು ಕಂಡತಿ ಅನ್ನೂದು ಹೇಳ್ರಿ."

"ನೀನ ಕೈ ಎತ್ತೀಯಲ್ಲ, ಮತ್ತೇನು ಕೇಳ್ತಿ?"

"ಕೈ ಎತ್ತಿದ್ದು ನನಗ ಹತ್ತೇತಿ ಅಂತ್ರಿ. ಹಕ್ಕು ಆಕಿದು ಅಂತಲ್ಲ. ನಾ ಮೊದಲ ತಡದೇನಿ."

"ರೆಫ್ರಿ ಕಂಡಿದ್ದರ ಮ್ಯಾಲೆ ವಾದ ಮಾಡಂಗಿಲ್ಲ."

"ಕಂಡಿದ್ದರ ಮ್ಯಾಲೆ ಮಾಡಾಕತ್ತಿಲ್ರಿ. ಕಾಣದೇ ಇದ್ದದ್ದರ ಮ್ಯಾಲೆ ಮಾಡಾಕತ್ತೇನಿ. ಕಂಡಿಲ್ಲಂದ್ರ ಕಂಡಿಲ್ಲ ಅನ್ರಿ, ಮತ್ತ ಆಡ್ತೀವಿ."

ನಾನು ಕೇಳಿದ್ದು ಇಷ್ಟೇ, ಇದು ನಿಯಮದಲ್ಲೂ ಇದೆ. ಹಕ್ಕು ಯಾರದೆಂದು ರೆಫ್ರಿಗೆ ಗೊತ್ತಾಗದಿದ್ದರೆ ಪಾಯಿಂಟ್ ಕೊಡಬಾರದು, ಇಬ್ಬರನ್ನೂ ಮತ್ತೆ ನಿಲ್ಲಿಸಬೇಕು. ಅವರು ಬಾಯಿಗೆ ಬದಲು ಜೇಬು ಬಿಚ್ಚಿದರು, ಹಳದಿ ಚೀಟಿ ತೆಗೆದು ನನ್ನ ಮುಖಕ್ಕೆ ಹಿಡಿದರು. ಬೆಳಗಾವಿಯವಳು ಕೈಗವಸಿನ ದಾರ ಎಳೆಯುತ್ತ ನಿಂತಿದ್ದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ತಾಗಿದ್ದನ್ನು ತಾನೇ ಹೇಳಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

ಆಟದ ಕೊನೆಗೆ ಕತ್ತಿಯನ್ನು ಮುಖದ ಮುಂದೆ ಎತ್ತಿ ಎದುರಾಳಿಗೆ, ರೆಫ್ರಿಗೆ, ಜನರಿಗೆ ಸಲಾಮು ಮಾಡಬೇಕು. ಮಾಡದಿದ್ದರೆ ಕಪ್ಪು ಚೀಟಿ, ಹೊರಗೆ. "ಮಾಡ ತಂಗಿ, ಸಲಾಮು ಮಾಡು" ಎಂದು ಮಾಸ್ತರು ಬಾಜೂಕ್ಕೆ ನಿಂತು ಬೇಡಿಕೊಂಡರು. ಮಾಡಿದೆ. ಎದುರಾಳಿಗೆ ಮಾಡಿದೆ, ಅವ್ವ ಕೂತಿದ್ದ ಕಡೆ ಮಾಡಿದೆ. ರೆಫ್ರಿಗೆ ಮಾಡುವಾಗ ಕತ್ತಿ ಎತ್ತಿದವಳು ಇಳಿಸಲಿಲ್ಲ. ಎಷ್ಟು ಹೊತ್ತು ಹಿಡಿಯಬೇಕೆಂದು ನಿಯಮದಲ್ಲಿ ಇಲ್ಲ. ಅವರು ಕಣ್ಣು ತಗ್ಗಿಸುವವರೆಗೆ ಹಿಡಿದೆ.

ಮೇಜಿನ ಮೇಲಿನ ಹಾಳೆಗೆ ಇಬ್ಬರೂ ಸಹಿ ಹಾಕಬೇಕಿತ್ತು. ಹಾಕಿದೆ. ಸಹಿಯ ಕೆಳಗೆ ಬರೆದೆ: ಹತ್ತಿದ್ದು ಖರೆ. ಪಾಯಿಂಟ್ ಒಪ್ಪಿಲ್ಲ.

ಬಸ್ಸಿನಲ್ಲಿ ಅವ್ವ ರೊಟ್ಟಿಯ ಗಂಟು ಬಿಚ್ಚಿದಳು. ಆಮೇಲೆ ಕೇಳಿದಳು, "ಆಕಿ ನಿನಗ ಹೊಡದ್ಲೋ ಇಲ್ಲೋ?"

"ಹೊಡದ್ಲು."

"ಹೊಡದ್ಲಂದ್ರ ಹೊಡದ್ಲು ಅಂದಿ. ಅದರಾಗ ನಿಂದೇನು ತಪ್ಪೈತಿ? ರೊಟ್ಟಿ ತಿನ್ನ."

ನಾನು ಅತ್ತದ್ದು ಆಗಲೇ. ರೊಟ್ಟಿ ತಿನ್ನುತ್ತ ಅತ್ತೆ. ರಾಜ್ಯದ ಆಟವನ್ನು ನಾನು ಇವತ್ತಿನವರೆಗೂ ಆಡಿಲ್ಲ.

ಮರುದಿನ ಗೋದಾಮಿನಲ್ಲಿ ಮಾಸ್ತರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಅವರ ಮುಖ ಬಾಡಿತ್ತು. "ನನ್ನಿಂದ ತಪ್ಪಾತು. ಯಂತ್ರ ಇದ್ದಲ್ಲಿ ಕೈ ಎತ್ತೂದು ಬ್ಯಾಡಂತ ನಾ ಮೊದಲ ಹೇಳಬೇಕಿತ್ತು. ಇವತ್ತಿನಿಂದ ಯಾರೂ ಕೈ ಎತ್ತಬ್ಯಾಡ್ರಿ" ಎಂದರು.

ನನಗೆ ರೆಫ್ರಿಯ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಬಂತು. "ನೀವ ಕಲಿಸಿದ್ರಿ, ನೀವ ಬಿಡ್ರಿ ಅಂತೀರಿ? ತಪ್ಪು ಮಾಡಿದವ್ರು ಯಾರೋ, ನಾವ್ಯಾಕ ಕೈ ಇಳಿಸಬೇಕ್ರಿ? ನಾ ಇಳಿಸೂದಿಲ್ಲ."

ಉಳಿದ ಹುಡುಗಿಯರೂ ಇಳಿಸಲಿಲ್ಲ. ಆ ಹಟಕ್ಕೆ ಮುಂದೆ ಯಾರ್ಯಾರು ಎಷ್ಟು ಪಾಯಿಂಟ್ ತೆತ್ತರೋ, ನನಗೆ ಗೊತ್ತಿಲ್ಲ. ಕೆಲವರಾದರೂ ತೆತ್ತಿರಬೇಕು. ಅದು ನನ್ನ ಮೇಲಿದೆ, ಇಲ್ಲ ಎನ್ನುವುದಿಲ್ಲ.

ಈಗ ಹುಕ್ಕೇರಿಯಲ್ಲಿ ಸಾಲೆ ಟೀಚರಾಗಿದ್ದೇನೆ. ರೆಫ್ರಿ ಪರೀಕ್ಷೆ ಪಾಸು ಮಾಡಿದೆ. ಯಾಕೆ ಎಂದು ಕೇಳಿದರೆ ಆಟದ ಮೇಲಿನ ಪ್ರೀತಿ ಎಂದು ಚಂದಾಗಿ ಹೇಳಬಹುದು. ಖರೆ ಬೇರೆ. ಆ ಜಾಗದಲ್ಲಿ ನಿಂತು ನಾನು ಸರಿಯಾಗಿ ಮಾಡಿ ತೋರಿಸಬೇಕು ಎಂಬ ಕಿಚ್ಚು ಅದು.

ಹೋದ ವರ್ಷ ಆಯ್ಕೆ ಹುಕ್ಕೇರಿಯಲ್ಲೇ ನಡೆಯಿತು. ಅಂದಿನ ಆ ರೆಫ್ರಿ ಈಗ ಮೇಜಿನ ಹಿಂದೆ ಕೂರುವ ಹಿರಿಯರು. ಚಹಾದ ಹೊತ್ತಿಗೆ ಗೋಕಾಕದ ಆಟ ನೆನಪಿಸಿದೆ. "ಯಾವ ಆಟ್ರಿ ಅದು?" ಎಂದರು. ನಾಟಕವಲ್ಲ, ಅವರಿಗೆ ನಿಜವಾಗಿ ನೆನಪಿರಲಿಲ್ಲ. ನಾನು ಇಷ್ಟು ವರ್ಷ ಒಬ್ಬಳೇ ಜಗಳಾಡುತ್ತಿದ್ದೆ ಎಂದು ತಿಳಿದು ಅರ್ಧ ಚಹಾ ಬಿಟ್ಟು ಎದ್ದೆ.

ಮಧ್ಯಾಹ್ನ ನನ್ನ ಪಾಲಿಗೆ ಬಂದ ಆಟದಲ್ಲಿ ಒಬ್ಬಳು ಎತ್ತರದ ಹುಡುಗಿ, ಒಬ್ಬಳು ಸಣ್ಣವಳು. ಸಣ್ಣವಳು ಎಲ್ಲಿಯವಳೆಂದು ನಾನು ಹಾಳೆ ನೋಡಿರಲಿಲ್ಲ. ಮೊದಲ ಪೆಟ್ಟು ತಾಗಿದಾಗ ಅವಳ ಎಡಗೈ ಮೇಲೆದ್ದಿತು. ಮೂಡಲಗಿ! ನಮ್ಮ ಗೋದಾಮಿನದು!

ಆಟ ಎತ್ತರದವಳ ಹದಿನಾಲ್ಕು, ಸಣ್ಣವಳ ಹದಿಮೂರಕ್ಕೆ ಬಂತು. ಗೆದ್ದವಳು ತಂಡಕ್ಕೆ. ಇಬ್ಬರೂ ನುಗ್ಗಿದರು. ಕತ್ತಿಗಳು ಒಂದರ ಹಿಂದೊಂದು ಮರೆಯಾದವು, ಸದ್ದಾಯಿತೋ ಇಲ್ಲವೋ, ಎರಡೂ ದೀಪ ಹತ್ತಿದವು. ಸಣ್ಣವಳ ಕೈ ಮೇಲೆ.

ಎತ್ತರದವಳ ತರಬೇತುದಾರರು ಕೂಗಿದರು, "ಕೈ ಎತ್ತ್ಯಾಳ ನೋಡ್ರಿ ಮೇಡಂ! ಒಪ್ಕೊಂಡಾಳ!"

ಸುಳ್ಳು ಹೇಳುವುದಿಲ್ಲ, ಸಣ್ಣವಳಿಗೆ ಪಾಯಿಂಟ್ ಕೊಡಬೇಕೆನಿಸಿತು. ಅವಳಿಗಲ್ಲ, ಹದಿನೇಳು ವರ್ಷದ ನನಗೆ. ನನ್ನ ಕೈ ಅರ್ಧ ಎದ್ದೂ ಬಿಟ್ಟಿತ್ತು. ಅವಳು ತಡೆದಳೆಂದು ಹೇಳಿದರೆ ಯಾರೂ ಪ್ರಶ್ನಿಸುವ ಹಾಗಿರಲಿಲ್ಲ, ರೆಫ್ರಿ ಕಂಡದ್ದರ ಮೇಲೆ ವಾದವಿಲ್ಲವಲ್ಲ. ಆದರೆ ನಾನು ಕಂಡಿರಲಿಲ್ಲ.

ಕೈ ಇಳಿಸಿದೆ. "ನನಗ ಕಾಣಲಿಲ್ಲ. ಪಾಯಿಂಟ್ ಯಾರಿಗೂ ಇಲ್ಲ. ಮತ್ತ ಆಡ್ರಿ."

ಎರಡೂ ಕಡೆಯವರು ಒಟ್ಟಿಗೆ ಎದ್ದರು. ತನ್ನ ಗೋದಾಮಿನ ಹುಡುಗಿಯನ್ನು ಉಳಿಸಿದಳು ಎಂದು ಎತ್ತರದವಳ ಕಡೆಯವರು, ತನ್ನ ಗೋದಾಮಿನ ಹುಡುಗಿಗೇ ಅನ್ಯಾಯ ಮಾಡಿದಳು ಎಂದು ಸಣ್ಣವಳ ಕಡೆಯವರು. ಹಿರಿಯರು ಮೇಜು ಬಿಟ್ಟು ಬಂದು ನನ್ನ ಕಿವಿಯ ಹತ್ತಿರ ತಗ್ಗಿದ ದನಿಯಲ್ಲಿ, "ರೆಫ್ರಿ ಆದವ್ರು ಕಂಡಿಲ್ಲ ಅನಬಾರದ್ರಿ ಮೇಡಂ, ಮರ್ಯಾದಿ ಹೋಗತೈತಿ" ಎಂದರು.

"ಹೋಗ್ಲಿ ಬಿಡ್ರಿ ಸರ್. ಹತ್ತೇತಿ ಅಂತ ಆಕಿ ಹೇಳಿದ್ಲು. ಕಂಡಿಲ್ಲ ಅಂತ ನಾ ಹೇಳೇನಿ. ಹೋಗಿ ಕುಂದರ್ರಿ."

ದನಿ ತಗ್ಗಿಸಲಿಲ್ಲ. ಎಲ್ಲರಿಗೂ ಕೇಳಲಿ ಎಂದೇ ಹೇಳಿದೆ. ಅವರು ಹೋಗಿ ಕೂತರು.

ಹುಡುಗಿಯರು ಮತ್ತೆ ನಿಂತರು. ಎತ್ತರದವಳು ಎರಡು ಹೆಜ್ಜೆ ಹಾಕಿ ಚಾಚಿದಳು, ಸಣ್ಣವಳ ತಡೆ ತಪ್ಪಿತು. ಒಂದೇ ದೀಪ. ಹೇಳಬೇಕಾದ್ದೇ ಇರಲಿಲ್ಲ, ಯಂತ್ರವೇ ಹೇಳಿತ್ತು. ಆದರೂ ಸಣ್ಣವಳ ಎಡಗೈ ಮೇಲೆ ಹೋಯಿತು, ಮಾಸ್ಕಿನ ಒಳಗಿನಿಂದ ದನಿ ಬಂತು: "ಹತ್ತೇತ್ರಿ."

ಅವಳು ಸಲಾಮು ಮಾಡಿದಳು. ಎದುರಾಳಿಗೆ, ನನಗೆ, ಜನರಿಗೆ. ಮಾಸ್ಕ್ ತೆಗೆದಾಗ ಕಣ್ಣು ಕೆಂಪಾಗಿದ್ದವು. ಮೇಜಿನ ಹತ್ತಿರ ಹೋಗಿ ಬಗ್ಗಿ ಸಹಿ ಹಾಕಿದಳು, ಹಿಂದೆ ನೋಡದೆ ನಡೆದಳು.

ಆಮೇಲೆ ಹಾಳೆ ನನ್ನ ಸಹಿಗೆ ಬಂತು. ಅವಳ ಹೆಸರಿನ ಮುಂದೆ ಗುಂಡಗೆ ಸಹಿ ಇತ್ತು. ಅದರ ಕೆಳಗೆ ಏನೂ ಬರೆದಿರಲಿಲ್ಲ.