ಗೋರಿಯಿಲ್ಲದವರ ಶಿಲುಬೆ

ನನ್ನನ್ನು ಕನ್ಯಾಸ್ತ್ರೀಯರ ಹೈಸ್ಕೂಲಿಗೆ ಸೇರಿಸುವ ಮಾತು ಬಂದಾಗ ನಮ್ಮಜ್ಜಿ ಊಟ ಬಿಟ್ಟು ಮೂಲೆ ಹಿಡಿದಳು. ನಮ್ಮದು ಬಂಗಾರಪೇಟೆಯ ಪಕ್ಕದ ಹಳ್ಳಿ. ಅಪ್ಪ ಚಿನ್ನದ ಗಣಿಯ ಮರದ ಯಾರ್ಡಿನಲ್ಲಿ ಕೂಲಿ. ಸುರಂಗದ ಮೇಲ್ಭಾಗ ಕುಸಿಯದಂತೆ ಆಸರೆ ಕೊಡುವ ದಿಮ್ಮಿಗಳನ್ನು ಕೊಯ್ದು ಕೆಳಗೆ ಕಳಿಸುವುದು ಅವನ ಕೆಲಸ. ಅವನು ಒಂದು ದಿನವೂ ನೆಲದೊಳಗೆ ಇಳಿದವನಲ್ಲ.

"ಕಿರಸ್ತಾನರ ಇಸ್ಕೂಲಿಗೆ ಆಕಿದ್ರೆ ಉಡುಗಿ ನಮ್ಗೆ ಉಳೀತಾಳೇನ್ಲಾ?" ಎಂದು ಅಜ್ಜಿ ಕೇಳಿದಳು.

"ಅವ್ರು ಚೆಂದಾಗಿ ಓದಿಸ್ತಾರೆ ಕಣಮ್ಮ. ಇವ್ಳು ಓದ್ಲಿ ಬುಡು," ಎಂದು ಅಪ್ಪ ಹೇಳಿದ. ಅವನು ತನ್ನ ಅಮ್ಮನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಐವತ್ತರ ದಶಕ ಅರ್ಧಕ್ಕಿಂತ ಹೆಚ್ಚು ಕಳೆದಿತ್ತು. ಬೆಳಿಗ್ಗೆ ಬಂಗಾರಪೇಟೆಯಲ್ಲಿ ಕೂಲಿಯವರ ರೈಲು ಹತ್ತಿದರೆ ಕೋರಮಂಡಲ್ ದಾಟಿದ ಮೇಲೆ ಕಿಟಕಿಯ ತುಂಬ ಸಯನೈಡ್ ದಿಬ್ಬಗಳು. ಚಿನ್ನ ತೆಗೆದ ಮೇಲೆ ಉಳಿದ ಬೂದು ಮಣ್ಣಿನ ಗುಡ್ಡಗಳು ಅವು. ಗಾಳಿ ಬೀಸಿದರೆ ಆ ಪುಡಿ ನಮ್ಮ ಜಡೆಯೊಳಗೆ, ಬುತ್ತಿಯೊಳಗೆ ಬಂದು ಕೂರುತ್ತಿತ್ತು. ಶಾಲೆಯ ಗೇಟಿನಲ್ಲಿ ಆಯಾ ನಮ್ಮನ್ನು ನಿಲ್ಲಿಸಿ ಮುಖ ತೊಳೆಸಿ ಒಳಗೆ ಬಿಡುತ್ತಿದ್ದಳು.

ಮೊದಲ ಪೀರಿಯಡ್ಡಿನಲ್ಲಿ ಕ್ಲಾಸು ಎರಡಾಗುತ್ತಿತ್ತು. ಕ್ಯಾಥೊಲಿಕ್ ಹುಡುಗಿಯರು ಧರ್ಮೋಪದೇಶಕ್ಕೆ ಹೋಗುವರು, ಮಿಕ್ಕ ನಾವು ಮಾರಲ್ ಸೈನ್ಸಿಗೆ. ಮಣಿ ಎಣಿಸುತ್ತ ಹೇಳುವ ಸಂಜೆಯ ಜಪಸರಕ್ಕೆ ಮಾತ್ರ ಯಾರನ್ನೂ ಬೇರೆ ಮಾಡುತ್ತಿರಲಿಲ್ಲ. ಬೇಕಾದವರು ಚಾಪೆಲಿನ ಹಿಂದಿನ ಬೆಂಚುಗಳಲ್ಲಿ ಕೂರಬಹುದಿತ್ತು. ನನ್ನ ರೈಲಿಗೆ ಇನ್ನೂ ಹೊತ್ತಿರುತ್ತಿದ್ದರಿಂದ ನಾನು ಅಲ್ಲೇ ಕೂರುತ್ತಿದ್ದೆ. ಜಪದ ಮೊದಲರ್ಧವನ್ನು ಒಬ್ಬರು ಹೇಳಬೇಕು, ಉಳಿದರ್ಧವನ್ನು ಎಲ್ಲರೂ ಸೇರಿ ಹೇಳಬೇಕು. ಕೇಳಿ ಕೇಳಿ ಆ ಉಳಿದರ್ಧ ನನಗೂ ಬಾಯಿಪಾಠವಾಯಿತು, ತಮಿಳಿನಲ್ಲೇ. ಮೊದಲರ್ಧ ಬರುತ್ತಿರಲಿಲ್ಲ. ಅದನ್ನು ಹೇಳುತ್ತಿದ್ದವಳು ನನ್ನ ಗೆಳತಿ. ಅವಳ ಗಂಟಲು ಅಷ್ಟು ಚೆನ್ನಾಗಿದ್ದರಿಂದ ಸಿಸ್ಟರು ಆ ಕೆಲಸವನ್ನು ಅವಳಿಗೇ ಬಿಟ್ಟಿದ್ದರು.

ಸಿಸ್ಟರ್ ಎಂದರೆ ನಮ್ಮ ಕ್ಲಾಸ್ ಟೀಚರು. ಮಂಗಳೂರು ಕಡೆಯವರು. ಪುಸ್ತಕದಲ್ಲಿರುವಂತೆ ಕನ್ನಡ ಮಾತಾಡುವರು. "ಹಾಗೆ ಓಡುವುದಲ್ಲ ಮಕ್ಕಳೇ, ಬೀಳ್ತೀರಿ," ಎಂದು ಅವರು ಕೂಗಿದರೆ ನಾವು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದೆವು.

ಗೆಳತಿಯ ಮನೆ ಕೋರಮಂಡಲ್ಲಿನ ಲೈನಿನಲ್ಲಿ, ಅಂದರೆ ಗಣಿಯವರು ಕೂಲಿಗಳಿಗೆ ಕಟ್ಟಿಸಿದ ಸಾಲುಮನೆಗಳಲ್ಲಿ ಇತ್ತು. ತಡಿಕೆಯ ಗೋಡೆ, ತಗಡಿನ ಸೂರು, ಒಂದೇ ಕೋಣೆ. ಗೋಡೆಯಲ್ಲಿ ಮಾತೆಯ ಪಟ, ಅದರ ಕೆಳಗೆ ಪುಟ್ಟ ಎಣ್ಣೆದೀಪ. ಅವಳಪ್ಪ ನೆಲದೊಳಗೆ ಬಂಡೆಗೆ ತೂತು ಕೊರೆಯುವ ಕೆಲಸದವನು. ಪಾಳಿಗೆ ಹೊರಡುವ ಮುಂಚೆ ಮಗಳ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಗುರುತು ಹಾಕುವನು. ನಾನು ಅಲ್ಲಿದ್ದರೆ ನನಗೂ ಹಾಕುವನು.

"ರೈಲ್ ಪಾಪ, ನಿಮ್ಮಪ್ಪ ಕೊಯ್ದ ಮರದ ಕೆಳ್ಗೇನೇ ನಾನು ನಿಂತಿರೋದು. ಗಟ್ಟಿ ಮರ ಕಳ್ಸು ಅಂತ ಏಳು ಅವ್ರಿಗೆ," ಎಂದು ರೈಲಿನಲ್ಲಿ ಬರುವ ನನಗೆ ಹೇಳಿ ನಗುವನು. ನಾನು ಮನೆಗೆ ಬಂದು ಅದನ್ನು ಹಾಗೆಯೇ ಹೇಳುತ್ತಿದ್ದೆ. ಅಪ್ಪ ನಗುತ್ತಿರಲಿಲ್ಲ.

ನೆಲ ಅದುರುವುದು ಅಲ್ಲಿ ಹೊಸದೇನಲ್ಲ. ಆಳದಲ್ಲಿ ಬಂಡೆ ತಾನಾಗಿ ಸಿಡಿಯುತ್ತಿತ್ತು. ಅದಕ್ಕೆ ಎಲ್ಲರೂ ಬರ್ಸ್ಟ್ ಎನ್ನುತ್ತಿದ್ದರು. ಮೇಲೆ ನಮ್ಮ ಬೆಂಚು ಗಡಗಡ ಎನ್ನುವುದು, ಕಿಟಕಿಯ ಗಾಜು ಸದ್ದು ಮಾಡುವುದು. ಸಿಸ್ಟರು ಪಾಠ ನಿಲ್ಲಿಸಿ ಕಣ್ಣು ಮುಚ್ಚುವರು. ಯಾವ ಹುಡುಗಿಯ ಅಪ್ಪನಿಗೆ ಯಾವ ಪಾಳಿ ಎಂಬುದು ಅವರಿಗೆ ಗೊತ್ತಿತ್ತು. ಕಣ್ಣು ತೆರೆದ ಮೇಲೆ ಅವರು ಆ ಹುಡುಗಿಯರ ಕಡೆ ನೋಡುತ್ತಿರಲಿಲ್ಲ. ಬೇಕೆಂದೇ ಬೇರೆ ಯಾರನ್ನಾದರೂ ಎಬ್ಬಿಸಿ ಪ್ರಶ್ನೆ ಕೇಳುತ್ತಿದ್ದರು. ಸ್ವಲ್ಪ ಹೊತ್ತು ಕಳೆದರೂ ಸಂಗು, ಅಂದರೆ ಗಣಿಯ ಸೈರನ್ನು, ಕೂಗದಿದ್ದರೆ ಎಲ್ಲರೂ ಉಸಿರು ಬಿಡುತ್ತಿದ್ದೆವು.

ಆ ಅಕ್ಟೋಬರಿನ ಮಧ್ಯಾಹ್ನ ಹೊಲಿಗೆ ಕ್ಲಾಸು ನಡೆಯುತ್ತಿತ್ತು. ಬೆಂಚು ಅದುರಿದ್ದಲ್ಲ, ಜರುಗಿತು. ಗೋಡೆಯ ಮೇಲಿದ್ದ ಶಿಲುಬೆ ಓರೆಯಾಯಿತು. ಸಿಸ್ಟರು ಕಣ್ಣು ಮುಚ್ಚುವಷ್ಟರಲ್ಲೇ ಸಂಗು ಕೂಗತೊಡಗಿತು. ನಿಲ್ಲಲೇ ಇಲ್ಲ.

ಆಮೇಲೆ ಆಯಾ ಬಾಗಿಲಲ್ಲಿ ಬಂದು ನಿಂತಳು. ನಾವೆಲ್ಲ ತಲೆ ತಗ್ಗಿಸಿದೆವು. ಅವಳು ಕರೆದ ಹುಡುಗಿಯರಲ್ಲಿ ನನ್ನ ಗೆಳತಿಯೂ ಒಬ್ಬಳು. ಅವಳು ಹೊಲಿಯುತ್ತಿದ್ದ ಬಟ್ಟೆಯನ್ನು ನೀಟಾಗಿ ಮಡಿಚಿ, ಸೂಜಿ ಸಿಕ್ಕಿಸಿ, ನನ್ನ ಕೈಗೆ ಕೊಟ್ಟು ಹೋದಳು.

ಗಣಿಯ ಗೇಟಿನ ಮುಂದೆ ಇಡೀ ಲೈನು ನಿಂತಿತ್ತು. ಅಪ್ಪ ಅಂದು ಮನೆಗೆ ಬರಲಿಲ್ಲ. ಮಾರನೆಯ ದಿನ ಬಂದವನು ಹಟ್ಟಿಯ ಕಟ್ಟೆಯ ಮೇಲೆ ಕೂತ.

"ಮರ ಕಳಿಸ್ತಾನೇ ಇದೀವಿ. ಕೇಳ್ತಾನೇ ಅವ್ರೆ. ಒಂದ್ ಕಡೆ ನಿಲ್ಸಿದ್ರೆ ಇನ್ನೊಂದ್ ಕಡೆ ಬೀಳ್ತದಂತೆ," ಎಂದ. ನನ್ನ ಕಡೆ ನೋಡಿ, "ನಿನ್ ಸ್ನೇಯಿತೆ ಅಪ್ಪ ಇನ್ನೂ ಮೇಲಿಕ್ಕೆ ಬಂದಿಲ್ಲ ಮಗಾ," ಎಂದ.

ಅಜ್ಜಿ ಒಳಗೆ ಹೋಗಿ ಅರಿಸಿನದ ಬಟ್ಟೆಯಲ್ಲಿ ಮಾರಮ್ಮನಿಗೆ ಹರಕೆ ಕಟ್ಟಿದಳು. ಅವರು ನಮ್ಮವರಲ್ಲವಲ್ಲ ಎಂದು ಅವ್ವ ಮೆಲ್ಲಗೆ ಕೇಳಿದಳು.

"ಅಷ್ಟ್ ಆಳದಾಗೆ ಯಾರ್ ದೇವ್ರು ಅಂತ ಯಾರ್ಗೆ ತಿಳೀತದೆ? ಯಾರಾದ್ರೂ ಕೈ ಕೊಡ್ಲಿ," ಎಂದಳು ಅಜ್ಜಿ.

ಶಾಲೆಯಲ್ಲಿ ಪಾಠ ನಡೆಯಲಿಲ್ಲ. ಚಾಪೆಲಿನಲ್ಲಿ ಜಪ ನಿಲ್ಲಲಿಲ್ಲ. ತೆಲುಗಿನವರು, ತಮಿಳಿನವರು, ಕುಂಕುಮ ಇಟ್ಟ ಹೆಂಗಸರು, ಬುರ್ಖಾದವರು ಎಲ್ಲ ಬಂದು ಕೂತರು. ಒಬ್ಬೊಬ್ಬರನ್ನಾಗಿ ಮೇಲೆ ತಂದರು. ಕೆಲವರು ಬದುಕಿದ್ದರು, ಕೆಲವರು ಇಲ್ಲ. ಕೊನೆಗೆ ಗೆಳತಿಯ ಅಪ್ಪ ಮತ್ತು ಬೇರೊಬ್ಬ ಕೂಲಿ ಮಾತ್ರ ಒಳಗೇ ಉಳಿದರು. ಅಲ್ಲಿ ಮತ್ತೆ ಸಿಡಿಯುತ್ತಿತ್ತು. ಹುಡುಕಲು ಇಳಿದವರ ಜೀವಕ್ಕೇ ಸಂಚಕಾರ ಎಂದು ಆ ಸುರಂಗಕ್ಕೆ ಗೋಡೆ ಕಟ್ಟಿ ಮುಚ್ಚಿಬಿಟ್ಟರು.

ಪಾದ್ರಿಗಳು ಮನೆಗೆ ಹೋಗಿ, ಸತ್ತವರಿಗಾಗಿ ಮಾಡುವ ಪೂಜೆಯ ಮಾತೆತ್ತಿದಾಗ ಗೆಳತಿಯ ಅಮ್ಮ ಒಪ್ಪಲಿಲ್ಲ. ತಾಳಿ ತೆಗೆಯಲಿಲ್ಲ. ದಿನವೂ ಗಂಡನಿಗೆಂದು ಅನ್ನ ತೆಗೆದಿಡುತ್ತಿದ್ದಳು. "ಮುಖ ನೋಡದೆ ಎಂಗೆ ಸಾಮಿ? ನಾಳೆ ಅವ್ರು ಬಂದು, ನಾನಿರೋವಾಗ್ಲೇ ಯಾಕೆ ಪೂಸೆ ಮಾಡಿಸ್ದೆ ಅಂತ ಕೇಳಿದ್ರೆ ನಾನೇನು ಏಳ್ಲಿ?" ಎಂದು ತಮಿಳು ಬೆರೆತ ಕನ್ನಡದಲ್ಲಿ ಕೇಳಿದಳಂತೆ. ಪಾದ್ರಿಗಳು ವಾಪಸು ಬಂದರು.

ನವೆಂಬರಿನ ಮೊದಲ ವಾರ ಕಲ್ಲರೆ ಹಬ್ಬ ಬಂತು. ಕಲ್ಲರೆ ಎಂದರೆ ತಮಿಳಿನಲ್ಲಿ ಗೋರಿ. ಆ ದಿನ ಕ್ಯಾಥೊಲಿಕರೆಲ್ಲ ತಮ್ಮ ತಮ್ಮವರ ಗೋರಿಗೆ ಸುಣ್ಣ ಬಳಿದು, ಸೇವಂತಿಗೆ ಇಟ್ಟು, ಮೇಣದಬತ್ತಿ ಹಚ್ಚುತ್ತಾರೆ. ನಮ್ಮ ಶಾಲೆಯಿಂದ ಸಾಲಾಗಿ ಸ್ಮಶಾನಕ್ಕೆ ಹೋದೆವು. ಗೆಳತಿಯೂ ಅಂದು ಶಾಲೆಗೆ ಬಂದಿದ್ದಳು. ಹುಡುಗಿಯರು ಅಜ್ಜನ, ತಮ್ಮನ, ಚಿಕ್ಕಪ್ಪನ ಗೋರಿಗಳ ಕಡೆಗೆ ಚದುರಿಹೋದರು. ಅವಳು ದಾರಿಯ ನಡುವೆ ಹೂವು, ಬತ್ತಿ ಹಿಡಿದು ನಿಂತಳು. ಹೋಗಲು ಅವಳಿಗೆ ಜಾಗವಿರಲಿಲ್ಲ. ನಾನು ಅವಳ ಪಕ್ಕ ನಿಂತೆ. ನನಗೂ ಅಲ್ಲಿ ಯಾರೂ ಇರಲಿಲ್ಲ.

ಸಿಸ್ಟರು ಬಂದು ಅವಳ ಭುಜದ ಮೇಲೆ ಕೈಯಿಟ್ಟರು. ಸ್ಮಶಾನದ ನಡುವೆ ದೊಡ್ಡ ಕಲ್ಲಿನ ಶಿಲುಬೆ ಇತ್ತು. ತಮ್ಮವರ ಗೋರಿ ಬೇರೆ ಊರಿನಲ್ಲಿರುವವರು, ತಮ್ಮವರಿಗೆ ಗೋರಿಯೇ ಇಲ್ಲದವರು ಅದರ ಬುಡದಲ್ಲಿ ಬತ್ತಿ ಹಚ್ಚುವುದು ಪದ್ಧತಿ. ಸಿಸ್ಟರು ನಮ್ಮಿಬ್ಬರನ್ನು ಅಲ್ಲಿಗೆ ಕರೆದುಕೊಂಡು ಹೋದರು.

"ನನ್ನ ಅಮ್ಮನ ಗೋರಿ ಊರಿನಲ್ಲಿ ಉಂಟು. ನಾನು ಇನ್ನೂ ನೋಡಿಲ್ಲ. ಮಠ ಸೇರಿದ ಮೇಲೆ ನಮಗೆ ಮನೆಗೆ ಹೋಗ್ಲಿಕ್ಕೆ ಇಲ್ಲ. ಪ್ರತಿ ವರ್ಷ ನಾನು ಇಲ್ಲಿಯೇ ಹಚ್ಚುವುದು," ಎಂದು ತಮ್ಮ ಬತ್ತಿ ಹಚ್ಚಿ ಮೊಣಕಾಲೂರಿದರು. ಸಿಸ್ಟರಿಗೂ ಒಬ್ಬ ಅಮ್ಮ ಇದ್ದಳೆಂದು ನಾನು ಅಲ್ಲಿಯ ತನಕ ಯೋಚಿಸಿಯೇ ಇರಲಿಲ್ಲ.

ಗೆಳತಿ ಬತ್ತಿ ಹಿಡಿದೇ ನಿಂತಿದ್ದಳು. "ಹಚ್ಚಿದ್ರೆ ಅಪ್ಪ ಸತ್ತೋದ್ರು ಅಂತ ಆಗತ್ತೆ ಸಿಸ್ಟರ್. ಮನೇಗೆ ಓದ್ರೆ ಅಮ್ಮ ನನ್ ಮುಖ ನೋಡಿ ಕಂಡ್ಹಿಡೀತಾಳೆ," ಎಂದಳು.

"ಹಾಗಾದರೆ ಬೇಡ ಮಗಳೇ," ಎಂದರು ಸಿಸ್ಟರು. ಒತ್ತಾಯ ಮಾಡಲಿಲ್ಲ. ಹೂವುಗಳನ್ನಷ್ಟೇ ಅಲ್ಲಿಟ್ಟು ನಾವು ಹಿಂದಿರುಗಿದೆವು.

ಡಿಸೆಂಬರಿನ ಒಂದು ಶನಿವಾರ ಅರ್ಧ ದಿನ ಶಾಲೆ. ಮುಗಿಸಿ ನಾನು ಗೆಳತಿಯ ಜೊತೆ ಅವಳ ಮನೆಗೆ ಹೋದೆ. ಲೈನಿನ ಉಳಿದ ಮನೆಗಳ ಮುಂದೆ ಕ್ರಿಸ್‌ಮಸ್ಸಿನ ಕಾಗದದ ನಕ್ಷತ್ರಗಳು ತೂಗುತ್ತಿದ್ದವು. ಇವರ ಮನೆ ಮುಂದೆ ಇರಲಿಲ್ಲ. ನಾವು ಕೂತಿದ್ದಾಗ ಬಾಗಿಲಲ್ಲಿ ಒಬ್ಬ ಊರುಗೋಲು ಊರಿಕೊಂಡು ಬಂದ. ಅವಳಪ್ಪನ ಜೊತೆಯಲ್ಲೇ ಕೆಲಸ ಮಾಡುತ್ತಿದ್ದ ತೆಲುಗಿನವನು, ಹಿಂದೂ. ಸುರಂಗ ಮುಚ್ಚುವ ಮುಂಚೆ ಬಂಡೆಯ ಸಂದಿನಿಂದ ಅವನನ್ನು ಜೀವಂತ ತೆಗೆದಿದ್ದರು. ಒಂದು ಕಾಲು ಹೋಗಿತ್ತು. ಅಷ್ಟು ದಿನ ಆಸ್ಪತ್ರೆಯಲ್ಲಿದ್ದು, ನಡೆಯಲು ಬಂದ ಕೂಡಲೇ ಇಲ್ಲಿಗೆ ಬಂದಿದ್ದ.

ಗೆಳತಿಯ ಅಮ್ಮ ಚಾಪೆ ಹಾಸಿದಳು. ಅವನಿಗೆ ಕೂರಲು ಆಗಲಿಲ್ಲ. ಗೋಡೆಗೆ ಒರಗಿ ನಿಂತೇ, ಅವಳನ್ನು ವದಿನಾ, ಅಂದರೆ ಅತ್ತಿಗೆ, ಎಂದು ಕರೆದು ಮಾತಾಡಿದ.

"ಅಣ್ಣ ಕಲ್ಲಿನ ಆಚೆ ಕಡೆ ಇದ್ದ ವದಿನಾ. ನಂಗೆ ಕಾಣ್ಲಿಲ್ಲ. ಮಾತು ಕೇಳ್ತಿತ್ತು. ಜಪ ಏಳೋಣ ಅಂದ. ನಂಗೆ ಬರಲ್ಲಣ್ಣ ಅಂದೆ. ಕಲಿಸ್ತೀನಿ ಅಂದ. ಅರ್ಧ ನಾನು ಏಳ್ತೀನಿ, ಅರ್ಧ ನೀನು ಏಳು ಅಂದ. ಅಂಗೇ ಏಳ್ತಾ ಇದ್ವಿ. ಎಷ್ಟೊತ್ತು ಅಂತ ತಿಳೀದು. ಆಮ್ಯಾಕೆ ಅವನ್ದು ಬರ್ಲಿಲ್ಲ. ನಾನು ಕಾದೆ. ಬಾಳ ಒತ್ತು ಕಾದೆ. ಅವನರ್ಧ ಬರ್ದೆ ನಂದು ಎಂಗೆ ಏಳ್ಲಿ?"

ಪಕ್ಕದ ಮನೆಯಲ್ಲಿ ಹಿಟ್ಟು ಕುಟ್ಟುತ್ತಿದ್ದ ಸದ್ದು ತಡಿಕೆಯಾಚೆಯಿಂದ ಕೇಳುತ್ತಿತ್ತು. ಗೆಳತಿಯ ಅಮ್ಮ ನೆಲ ನೋಡುತ್ತ ಕೂತಿದ್ದಳು. ಆಮೇಲೆ ತಲೆಯ ಮೇಲೆ ಸೆರಗು ಎಳೆದುಕೊಂಡು, ಮೆಲ್ಲಗೆ, ಯಾರಿಗೂ ಹೇಳದವಳಂತೆ ಜಪದ ಮೊದಲರ್ಧ ಹೇಳಿದಳು. ಅವನು ಬೆಚ್ಚಿ ಅವಳ ಕಡೆ ನೋಡಿದ. ತಪ್ಪು ತಪ್ಪು ತಮಿಳಿನಲ್ಲಿ ಉಳಿದರ್ಧ ಹೇಳಿದ. ಹೇಳಿ ಗೋಡೆಗೆ ಮುಖ ಮಾಡಿ ಅತ್ತ.

ಗೆಳತಿಯ ಅಮ್ಮ ಅಳಲಿಲ್ಲ. ಎದ್ದು, ಗಂಡನಿಗೆಂದು ಮುಚ್ಚಿಟ್ಟಿದ್ದ ಅನ್ನವನ್ನು ತಂದು ಅವನ ಮುಂದೆ ಇಟ್ಟಳು. "ತಿನ್ನಪ್ಪ," ಎಂದಳು. ಮಗಳ ಕಡೆ ತಿರುಗಿ, "ಸಾಮಿಯವ್ರಿಗೆ ಏಳ್ಬಿಟ್ಟು ಬಾ, ಪೂಸೆ ಮಾಡ್ಲಿ," ಎಂದಳು. ನಾವಿಬ್ಬರೂ ಚರ್ಚಿನ ತನಕ ನಡೆದೆವು. ದಾರಿಯಲ್ಲಿ ಅವಳು ನನ್ನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಿದ್ದಳು.

ದೇಹವಿಲ್ಲದವರಿಗೆ ಹೇಗೆ ಪೂಜೆ ಮಾಡುತ್ತಾರೆಂದು ನಾನು ನೋಡಿದ್ದು ಆಗಲೇ. ಪೀಠದ ಮುಂದೆ ಖಾಲಿ ಚಟ್ಟ ಇಟ್ಟು ಅದರ ಮೇಲೆ ಕಪ್ಪು ಬಟ್ಟೆ ಹೊದಿಸಿದ್ದರು. ಸುತ್ತ ಬತ್ತಿಗಳು. ಪಾದ್ರಿಗಳು ಲ್ಯಾಟಿನ್ನಿನಲ್ಲಿ ಮಂತ್ರ ಹೇಳಿ, ಆ ಬರಿಯ ಬಟ್ಟೆಗೇ ತೀರ್ಥ ಚಿಮುಕಿಸಿ ಧೂಪ ಹಾಕಿದರು. ನಮ್ಮಪ್ಪನೂ ಬಂದಿದ್ದ. ಚರ್ಚಿನ ಒಳಗೆ ಅವನು ಕಾಲಿಟ್ಟಿದ್ದು ಅದೊಂದೇ ಸಲ. ಹಿಂದೆ ಕಂಬದ ಹತ್ತಿರ ಟವಲು ಕೈಯಲ್ಲಿ ಹಿಡಿದು ನಿಂತಿದ್ದ. ಹಾಡುವ ಹುಡುಗಿಯರ ಸಾಲಿನಲ್ಲಿ ಗೆಳತಿಯೂ ನಿಂತಿದ್ದಳು. ಬಾಯಿ ತೆರೆದಳು, ಸ್ವರ ಬರಲಿಲ್ಲ. ಸಿಸ್ಟರು ಹಾರ್ಮೋನಿಯಂ ನುಡಿಸುತ್ತಲೇ ಅವಳ ಪಾಲನ್ನೂ ತಾವೇ ಹಾಡಿದರು. ಅವರ ಸ್ವರ ಚೆನ್ನಾಗಿರಲಿಲ್ಲ.

ಲೈನಿನ ಮನೆ ಗಣಿಯಲ್ಲಿ ದುಡಿಯುವವರಿಗೆ ಸೇರಿದ್ದು. ದುಡಿಯುವವನು ಹೋದ ಮೇಲೆ ಮನೆ ಬಿಡಬೇಕಾಯಿತು. ಬೇಸಿಗೆಗೆ ಮುಂಚೆ ತಾಯಿ ಮಗಳು ಆಂಬೂರಿನ ಕಡೆ ಸೋದರಮಾವನ ಮನೆಗೆ ಹೊರಟರು. ಅವಳು ಎಸ್ಸೆಸ್ಸೆಲ್ಸಿ ತನಕ ಓದಲಿ, ನಮ್ಮಲ್ಲೇ ಇಟ್ಟುಕೊಳ್ಳುತ್ತೇವೆ ಎಂದು ಸಿಸ್ಟರು ಕೇಳಿಕೊಂಡರು. "ಇವ್ಳನ್ನೂ ಬಿಟ್ಟು ನಾನು ಒಬ್ಳೇ ಎಂಗೆ ಓಗ್ಲಿ ಸಿಸ್ಟರ್?" ಎಂದಳು ತಾಯಿ.

ಬಂಗಾರಪೇಟೆಯಲ್ಲಿ ಅವರು ಗಾಡಿ ಬದಲಿಸಬೇಕಿತ್ತು. ನಾನೂ ಅಜ್ಜಿಯೂ ಸ್ಟೇಷನ್ನಿಗೆ ಹೋದೆವು. ಅಜ್ಜಿ ಹುರಿಗಡಲೆ, ಬೆಲ್ಲ ಕಟ್ಟಿಕೊಟ್ಟು, ಗೆಳತಿಯ ತಲೆ ನೇವರಿಸಿ, "ಓಗ್ಬುಟ್ಟು ಬಾ ಕಣವ್ವಾ," ಎಂದಳು. ಗೆಳತಿ ಕಿಟಕಿಯ ಸರಳು ಹಿಡಿದು, ಸಿಸ್ಟರಿಗೆ ಹೇಳು, ಹೊಲಿಗೆ ಬಟ್ಟೆ ಮುಗಿಸಲಿಲ್ಲ ಎಂದಳು. ನಾನು ಮುಗಿಸ್ತೀನಿ ಎಂದೆ. ಗಾಡಿ ಹೋಯಿತು.

ಮುಂದಿನ ವರ್ಷಗಳಲ್ಲಿ ಜಪದ ಮೊದಲರ್ಧವನ್ನು ಬೇರೆ ಬೇರೆ ಹುಡುಗಿಯರು ಹೇಳಿದರು. ಸಿಸ್ಟರಿಗೆ ಬೇರೆ ಮಠಕ್ಕೆ ವರ್ಗವಾಯಿತು. ನಾನು ಪಾಸಾಗಿ, ಟ್ರೈನಿಂಗ್ ಮುಗಿಸಿ, ಹಳ್ಳಿಯೊಂದರ ಶಾಲೆಯಲ್ಲಿ ಮೇಡಮ್ ಆದೆ. ಅಜ್ಜಿ ಹೋದಳು.

ಅರವತ್ತರ ದಶಕದಲ್ಲಿ ಒಮ್ಮೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಯಾರೋ ನನ್ನ ತೋಳು ಹಿಡಿದರು. ಗೆಳತಿಯೇ. ಸೊಂಟದ ಮೇಲೆ ಒಂದು ಮಗು. ಬೆಂಗಳೂರಿನಲ್ಲಿ ನೆಂಟರ ಮದುವೆ ಮುಗಿಸಿ ಆಂಬೂರಿಗೆ ಹೊರಟಿದ್ದಳು. ಗಂಡ ಚರ್ಮದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ತಾಯಿ ತೀರಿಹೋಗಿದ್ದಳು. ಇಬ್ಬರೂ ಮಗುವನ್ನು ನೋಡುತ್ತ ಕೂತೆವು.

ಅವಳೇ ಕೇಳಿದಳು. "ಅಪ್ಪ ಇಳೀತಿದ್ದ ಶಾಫ್ಟು ಇನ್ನೂ ನಡೀತಿದ್ಯಾ?"

"ನಡೀತಿದೆ. ಇನ್ನೂ ಆಳಕ್ಕೆ ಓಗಿದಾರಂತೆ," ಎಂದೆ.

"ಅಂದ್ರೆ ಅಲ್ಲಿ ದಿನಾ ಜನ ಓಡಾಡ್ತಾರೆ," ಎಂದಳು. ಮಗುವನ್ನು ಇನ್ನೊಂದು ತೊಡೆಗೆ ಸರಿಸಿಕೊಂಡು, "ಸದ್ಯ. ಅಪ್ಪ ಒಬ್ರೇ ಇಲ್ಲ," ಎಂದಳು.

ಗಾಡಿ ಬಂತು. ತುಂಬ ರಶ್ಶಿತ್ತು. ಅವಳು ಮೊದಲು ಹತ್ತಿದಳು, ನಾನು ಮಗುವನ್ನು ಕಿಟಕಿಯಿಂದ ಅವಳ ಕೈಗೆ ಕೊಟ್ಟೆ. ಆಮೇಲೆ ನಾವು ಭೇಟಿಯಾಗಲಿಲ್ಲ.