ಕೊಟ್ಟಿಗೆಯಿಂದ ನಡುಮನೆಗೆ ಬಂದ ನನ್ನ ಯಜಮಾನರು

ಅಂತರಘಟ್ಟಮ್ಮನನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇದನ್ನು ಓದಿ ಕೆಲವರಿಗೆ ಸಿಟ್ಟು ಬರಬಹುದು. ಬರಲಿ. ನಾನು ತಾಯಿಯ ಮುಂದೆ ಸೆರಗೊಡ್ಡಿ ಬೇಡಿದವಳಲ್ಲ, ಜಗಳ ಆಡಿದವಳು. ಆದರೂ ಆಕೆ ನನ್ನ ಕೈಬಿಡಲಿಲ್ಲ.

1978ರ ಕಾರ್ತಿಕ ಮಾಸದಲ್ಲಿ ನನ್ನ ಯಜಮಾನರು ಮರುಳಪ್ಪನವರು ನಮ್ಮ ತೋಟದ ತೆಂಗಿನಮರದಿಂದ ಬಿದ್ದರು. ಬೆನ್ನುಮೂಳೆಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಅಜ್ಜಂಪುರದಿಂದ ತರೀಕೆರೆಗೆ, ಅಲ್ಲಿಂದ ದೊಡ್ಡಾಸ್ಪತ್ರೆಗೆ ಸಾಗಿಸಿದೆವು. ಒಂದೂವರೆ ತಿಂಗಳ ಮೇಲೆ ಡಾಕ್ಟರು, "ಕಾಲಿಗೆ ಶಕ್ತಿ ನಿಧಾನವಾಗಿ ಬಂದರೂ ಬರಬಹುದು. ಆದರೆ ಮಲಗಿದಲ್ಲೇ ಬೆನ್ನು ಹುಣ್ಣಾಗಬಾರದು. ಹುಣ್ಣಾದರೆ ಜೀವಕ್ಕೇ ಅಪಾಯ" ಎಂದು ಹೇಳಿ ಮನೆಗೆ ಕಳಿಸುವ ಮಾತೆತ್ತಿದರು.

ಕಳಿಸುವ ಮೊದಲು ಸರೋಜಿನಿ ಮೇಡಂ ಎನ್ನುವವರು ಬಂದು ನನ್ನ ಪಕ್ಕ ಕುಳಿತರು. ಆಸ್ಪತ್ರೆಯ ಸೋಷಿಯಲ್ ವರ್ಕರ್. ನರ್ಸಲ್ಲ, ಡಾಕ್ಟರಲ್ಲ, ಕೈಯಲ್ಲಿ ಒಂದು ಹಾಳೆ, ಪೆನ್ನು. ಮನೆಯಲ್ಲಿ ಎಷ್ಟು ಜನ, ಎಲ್ಲಿ ಮಲಗಿಸುತ್ತೀರಿ, ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವವರು ಯಾರು ಎಂದೆಲ್ಲ ಕೇಳಿದರು. ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ. ನನಗೆ ಮೈ ಉರಿಯಿತು.

"ನಮ್ದು ತುಂಬಿದ ಮನೆ ಕಣ್ರೀ ಅಮ್ಮ. ನೋಡ್ಕೊಳಾಕೆ ಜನಕ್ಕೇನು ಬರ?" ಎಂದೆ.

ಪಕ್ಕದಲ್ಲೇ ನಿಂತಿದ್ದ ನಮ್ಮ ಭಾವನವರೂ, "ನಾವಿದೀವಲ್ಲ ತಾಯಿ, ಒಡಹುಟ್ಟಿದೋನನ್ನ ಬಿಟ್ಬಿಡ್ತೀವಾ?" ಎಂದರು. ಮೇಡಂ ಅದನ್ನೇ ಬರೆದುಕೊಂಡರು.

ನಾನು ಹೇಳಿದ್ದು ಶುದ್ಧ ಸುಳ್ಳು. ಒಂದೇ ಸೂರಿನಡಿ ಎರಡು ಒಲೆ ಹೂಡಿ ಮೂರು ವರ್ಷವಾಗಿತ್ತು. ಓರಗಿತ್ತಿ ರುದ್ರಮ್ಮನಿಗೂ ನನಗೂ ಮಾತಿಲ್ಲ. ನನ್ನ ಪಾಲಿಗೆ ಇದ್ದವರು ಕಣ್ಣು ಕಾಣದ ಅತ್ತೆ ಒಬ್ಬರೇ. ಆದರೆ ಮನೆಯ ಹುಳುಕನ್ನು ಪರರ ಮುಂದೆ ಆಡಬಾರದು ಎಂದು ನಮ್ಮ ಕಡೆ ಹೆಣ್ಣುಮಕ್ಕಳಿಗೆ ಸಣ್ಣವರಿದ್ದಾಗಲೇ ಕಲಿಸಿಬಿಡುತ್ತಾರೆ. ನಾನೂ ಚೆನ್ನಾಗಿಯೇ ಕಲಿತಿದ್ದೆ.

ಬಸ್ಸಿನ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಸಿಕೊಂಡು ಊರಿಗೆ ಬಂದೆವು. ಬಾಗಿಲಲ್ಲೇ ಭಾವನವರು ಅಡ್ಡ ನಿಂತರು. "ಒಳಗೆ ದೇವರಮನೆ ಐತೆ. ಉಚ್ಚೆ, ಹೇಲು ಎಲ್ಲ ಮಲಗಿದಲ್ಲೇ ಅಂದ್ರೆ ಮೈಲಿಗೆ ಆಯ್ತದೆ. ಕೊಟ್ಟಿಗೇಲಿ ಜಾಗ ಮಾಡ್ಸಿದೀನಿ." ಹೊತ್ತು ತಂದವರು ತಲೆ ತಗ್ಗಿಸಿ ಕೊಟ್ಟಿಗೆಗೇ ಒಯ್ದರು. ಆವತ್ತು ನಾನು ಬಾಯಿ ಬಿಡಲಿಲ್ಲ. ಅದಕ್ಕೆ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಲ್ಲ.

ಅಷ್ಟು ದೊಡ್ಡ ಆಳನ್ನು ಒಬ್ಬಳೇ ಹೇಗೆ ಹೊರಳಿಸಲಿ? ಹನ್ನೆರಡನೇ ದಿನಕ್ಕೆ ಬೆನ್ನ ಕೆಳಗೆ ಹುಣ್ಣಾಯಿತು, ಜ್ವರ ಬಂತು. "ಸಾಕು ಕಣೇ ಗೌರಿ, ನನ್ನ ಬಿಟ್ಬಿಡು" ಎಂದು ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

ಮರುದಿನ ಮಂಗಳವಾರ. ಪಕ್ಕದ ಮನೆ ಶಾಂತಮ್ಮನನ್ನು ಅವರ ಹತ್ತಿರ ಕೂರಿಸಿ ಅಂತರಘಟ್ಟೆಗೆ, ತಾಯಿಯ ಗುಡಿಗೆ, ನಡೆದುಕೊಂಡೇ ಹೋದೆ. ಹಣ್ಣುಕಾಯಿ ಇಲ್ಲ, ಹೂವಿಲ್ಲ. ಎಲ್ಲರೂ ಪ್ರಸಾದ ಕೇಳುತ್ತಾ, ತಾಯಿ ಬಲಕ್ಕೆ ಹೂ ಕೊಟ್ಟಾಳೋ ಎಡಕ್ಕೆ ಕೊಟ್ಟಾಳೋ ಎಂದು ಕಾಯುತ್ತಿದ್ದರು. ನಾನು ನಿಂತುಕೊಂಡೇ ಹೇಳಿದೆ: "ನಿನ್ನ ಹೂವು ಎತ್ಲಾಗಾದ್ರೂ ಬೀಳ್ಲಿ, ನಂಗೆ ಬೇಡ. ನಂಗೆ ಇನ್ನೆರಡು ಕೈ ಬೇಕು. ಕೊಡೋಗಂಟ ನಿಂಗೆ ಕಾಯಿ ಒಡಿಯಲ್ಲ. ಏನ್ ಮಾಡ್ತೀಯೋ ಮಾಡು." ಸುತ್ತ ಇದ್ದವರು ಬೆಚ್ಚಿಬಿದ್ದರು.

ಹೊರಗೆ ಬಂದರೆ ಹಣ್ಣುಕಾಯಿ ಮಾರುವ ಅಜ್ಜಿ ತಡೆದಳು. "ಬರಿಗೈಲಿ ಹೋಗಿ ತಾಯಿನೇ ಬೈದು ಬಂದ್ಯಂತಲ್ಲೇ, ಏನವ್ವಾ ನಿನ್ನ ಕಷ್ಟ?"

ಅದೇನಾಯಿತೋ, ಅಲ್ಲೇ ಕುಳಿತು ಎಲ್ಲ ಹೇಳಿಬಿಟ್ಟೆ. ಎರಡು ಒಲೆ, ಕೊಟ್ಟಿಗೆ, ಹುಣ್ಣು, ಆಸ್ಪತ್ರೆಯಲ್ಲಿ ಹೇಳಿದ ಸುಳ್ಳು, ಎಲ್ಲವನ್ನೂ. ಅಜ್ಜಿ ಕೇಳಿಸಿಕೊಂಡು, "ಇದ್ನೆಲ್ಲ ಆ ಹಾಳೆ ಅಮ್ಮಂಗೆ ಹೇಳ್ಬೇಕಿತ್ತಲ್ಲೇ?" ಎಂದಳು.

"ಮನೆ ಮಾತು ಹೊರಗಿನೋರಿಗೆ ಹೆಂಗಜ್ಜಿ ಹೇಳದು?"

"ಈಗ ನಂಗೆ ಹೇಳಿದ್ಯಲ್ಲ. ನಾನೇನು ನಿನ್ನ ಸೋದರತ್ತೇನಾ?"

ನಾನು ಕೈ ಕೇಳಿದ್ದೆ, ತಾಯಿ ಮೊದಲು ಬಾಯಿ ಕೊಟ್ಟಳು. ಅಲ್ಲೇ ನಿಂತು ಗುಡಿಯ ಕಡೆ ಕೈಮುಗಿದೆ.

ಮರುದಿನವೇ ಯಜಮಾನರನ್ನು ಮಲಗಿಸಿಕೊಂಡು ಮತ್ತೆ ಬಸ್ಸು, ಮತ್ತೆ ಆಸ್ಪತ್ರೆ. ಹೊರಲು ಜೊತೆಗೆ ಬಂದಿದ್ದ ಭಾವನವರು ಎದುರಿಗೇ ಇದ್ದಾಗ ಮೇಡಂಗೆ ಹೇಳಿದೆ: "ಅವತ್ತು ಸುಳ್ಳು ಹೇಳಿದ್ದೆ ಕಣಮ್ಮ. ನಮ್ಮನೇಲಿ ಯಾರೂ ಮುಟ್ಟಲ್ಲ. ಇವರನ್ನ ದನದ ಪಕ್ಕ ಮಲಗ್ಸಿದಾರೆ." ಭಾವನವರ ಮುಖ ಕಪ್ಪಿಟ್ಟಿತು. ಮೇಡಂ ಬೈಯಲಿಲ್ಲ. ಹೊಸ ಹಾಳೆ ತೆಗೆದರು. "ನಾನೂ ಅವರ ಎದುರಿಗೇ ಕೇಳಬಾರದಿತ್ತು, ತಪ್ಪು ನಂದೂ ಇದೆ" ಎಂದರು. ಅಷ್ಟು ಓದಿದವರು ನನ್ನಂಥವಳ ಮುಂದೆ ತಪ್ಪು ಒಪ್ಪಿಕೊಂಡದ್ದನ್ನು ನಾನು ಮರೆಯುವುದಿಲ್ಲ.

ಈ ಸಲ ಹುಣ್ಣು ಒಣಗುವ ದಾರಿಗೆ ಬಂದಮೇಲೂ ಮೇಡಂ ನಮ್ಮನ್ನು ಕೂಡಲೇ ಕಳಿಸಲು ಒಪ್ಪಲಿಲ್ಲ. ಮೈ ಕೆಳಗೆ ದುಪ್ಪಟಿ ಹಾಸಿ ಇಬ್ಬರು ಎರಡು ಕಡೆ ಹಿಡಿದು ಹೊರಳಿಸುವುದನ್ನು ನನ್ನಿಂದ ದಿನಾ ಮಾಡಿಸಿದರು. ದಿನ ಬಿಟ್ಟು ದಿನ ಹುಣ್ಣು ತೊಳೆದು ಕಟ್ಟಲು ಅಜ್ಜಂಪುರದ ನರ್ಸಮ್ಮನಿಗೆ ಕಾಗದ ಬರೆದು ಒಪ್ಪಿಸಿದರು. ಆಮೇಲೆ ಯಜಮಾನರನ್ನು ಆಸ್ಪತ್ರೆಯಲ್ಲೇ ಬಿಟ್ಟು, ನನ್ನ ಜೊತೆ ತಾವೇ ನಮ್ಮ ಮನೆ ನೋಡಲು ಬಂದರು. ದಾರಿಯುದ್ದಕ್ಕೂ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು, ನಿಂಬೆಹಣ್ಣು ಮೂಸುತ್ತಾ ಇಳಿದರು. ಸ್ವತಃ ದೇವಿಯೇ ಮೇಡಂ ರೂಪದಲ್ಲಿ ಬಂದಳು ಎಂದು ಕೆಲವರು ಹೇಳುತ್ತಾರೆ. ದೇವಿಗೆ ಬಸ್ಸು ಆಗಿಬರುವುದಿಲ್ಲವೇ? ಆಕೆ ಮನುಷ್ಯಳೇ. ಮನುಷ್ಯಳಾಗಿ ಅಷ್ಟು ಮಾಡಿದರು ಎಂಬುದೇ ನನಗೆ ದೊಡ್ಡದು.

ಮೇಡಂ ನಡುಮನೆ ನೋಡಿ, "ಗಾಳಿ ಬೆಳಕು ಇಲ್ಲಿದೆ. ಮಂಚ ಇಲ್ಲೇ ಬರಬೇಕು" ಎಂದರು.

"ದೇವರಮನೆ ಪಕ್ಕದಲ್ಲೇ ಐತಲ್ಲಮ್ಮ, ಮೈಲಿಗೆ!" ಎಂದರು ಭಾವ.

"ಮೈಲಿಗೆ ಬಂದ್ರೆ ನಂಗೆ ಬರ್ಲಿ ಭಾವ. ತಾಯಿ ಜೊತೆ ಆಗ್ಲೇ ಜಗಳ ಆಡಿ ಬಂದೀನಿ, ಇದ್ನೂ ನಾನೇ ನೋಡ್ಕೊತೀನಿ" ಎಂದು ನಾನೇ ಮಂಚದ ಕಾಲು ಹಿಡಿದು ಎಳೆದೆ.

ಬಾವಿಗೆ ಬರುವ ಹೆಂಗಸರ ಹತ್ತಿರ ಮೇಡಂ ತಾವೇ ಹೋಗಿ ಮಾತಾಡಿದರು. ನೀರಿಗೆ ಬರುವಾಗ, ಹೊಲದಿಂದ ಬರುವಾಗ ಒಬ್ಬೊಬ್ಬರು ಒಂದೊಂದು ಸಲ ದುಪ್ಪಟಿಯ ತುದಿ ಹಿಡಿಯಲು ಒಪ್ಪಿದರು. ವಾರದೊಳಗೆ ಯಜಮಾನರನ್ನು ಮನೆಗೆ ತಂದೆವು. ಮೂರನೇ ದಿನ ಶಾಂತಮ್ಮ ಬರುವುದು ತಡವಾಯಿತು. ನಾನೊಬ್ಬಳೇ ಒದ್ದಾಡುತ್ತಿದ್ದಾಗ ಆ ಕಡೆಯ ತುದಿಯನ್ನು ಯಾರೋ ಎತ್ತಿದರು. ತಲೆಯೆತ್ತಿ ನೋಡಿದರೆ ರುದ್ರಮ್ಮ. ಮಾತಿಲ್ಲ ಕತೆಯಿಲ್ಲ, ಎತ್ತಿ ಹೊರಳಿಸಿ ಹೋದಳು. ಸಂಜೆ ತಾನಾಗಿಯೇ ಮತ್ತೆ ಬಂದಳು. ನಾನು ಒಲೆ ಮುಂದೆ ಕುಳಿತು ಮನಸಾರೆ ಅತ್ತೆ.

ನಾಲ್ಕು ತಿಂಗಳಲ್ಲಿ ಹುಣ್ಣು ಮಾಯಿತು. ಮುಂದಿನ ವರ್ಷ ಯಜಮಾನರು ಎರಡು ಕೋಲೂರಿ ಅಂಗಳಕ್ಕೆ ಇಳಿದರು. ಅಂತರಘಟ್ಟೆಗೆ ಹೋಗಿ ಅದೇ ಅಜ್ಜಿಯ ಹತ್ತಿರ ಕಾಯಿ ಕೊಂಡು ಒಡೆಸಿದೆ. ತಾಯಿ, ನಿನಗೆ ಕೋಟಿ ನಮಸ್ಕಾರ. ಬೈಸಿಕೊಂಡೂ ಕೊಟ್ಟವಳು ನೀನು.

ಇದನ್ನು ಬರೆಯಲು ಕುಳಿತಾಗ ಭಾವನವರು ಹತ್ತಿರ ಬಂದು, "ತಾಯಿ ಕಾಪಾಡಿದ್ಲು ಅಂತ ಬರಿ ಸಾಕು. ಕೊಟ್ಟಿಗೆ ವಿಷ್ಯ ಬ್ಯಾಡ, ಮನೆ ಮಾನ ಹೋಯ್ತದೆ" ಎಂದರು.

"ಮಾನ ಉಳಿಸಾಕೆ ಹೋಗೇ ಭಾವ, ನಿಮ್ಮ ತಮ್ಮನ ಬೆನ್ನು ಕೊಳೆತಿದ್ದು" ಎಂದೆ.

ಮಂಚದ ಮೇಲಿಂದ ಯಜಮಾನರು ಹೇಳಿದರು: "ಬರಿಯೇ ಗೌರಿ. ಕೊಟ್ಟಿಗೆ ಅಂತಾನೇ ಬರಿ. ಅಲ್ಲಿ ಮಲಗಿದ್ದೋನು ನಾನು."

ಬರೆದಿದ್ದೇನೆ.