ಕೋಟಿನ ಗುಂಡಿಯ ಕಣ್ಣಿದ್ದ ಕರು

ನಮ್ಮ ಮನೆಯ ಶೋಕೇಸಿನಲ್ಲಿ ಒಂದು ಹುಂಜ, ಒಂದು ಮೊಲ ಮತ್ತು ಒಂದು ಬೆಕ್ಕು ಇವೆ. ಮೂರೂ ತಾವಾಗಿಯೇ ಸತ್ತವು. ಆಮೇಲಿನದ್ದಕ್ಕೆ ಮಾತ್ರ ನಾನು ಹೊಣೆ. ಹುಂಜದ ಕುತ್ತಿಗೆ ಇರಬೇಕಾದ್ದಕ್ಕಿಂತ ನಾಲ್ಕು ಬೆರಳು ಉದ್ದವಿದೆ. ಅದು ನನ್ನ ಮೊದಲ ಕೆಲಸ, ತೊಗಲಿಗೆ ಹತ್ತಿ ತುಂಬುವಾಗ ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. ವಿದ್ಯೆಯನ್ನೆಲ್ಲ ಮೊಬೈಲಿನಲ್ಲಿ ಮರಾಠಿ ವಿಡಿಯೋ ನೋಡಿಯೇ ಕಲಿತೆ. ಪಕ್ಕದ ಹೊಲದ ಜೈನ ಹಿರಿಯರು ಅಂದಿನಿಂದ ನಮ್ಮ ಮನೆಯ ಚಹಾವನ್ನು ಅಂಗಳದಲ್ಲೇ ಕುಡಿದು ಹೋಗುತ್ತಾರೆ.

ಹೋದ ವರ್ಷ ನಮ್ಮ ಎಮ್ಮೆಯ ಕರು ಹುಟ್ಟಿದ ಎಂಟನೇ ದಿನಕ್ಕೆ ಸತ್ತಿತು. ಆ ಎಮ್ಮೆ ನನ್ನ ಕೈಗೆ ಒಗ್ಗಿದ್ದು. ಮೂರು ಸೂಲಿನಿಂದ ನಾನೇ ಹಿಂಡುತ್ತಿದ್ದೆ. ಮನೆಯಲ್ಲಿ ನನ್ನ ಮಾತು ಕೇಳುತ್ತಿದ್ದುದು ಅದೊಂದೇ. ಕರು ಕಾಣದೆ ಅದು ಹಾಲು ಇಳಿಸಲಿಲ್ಲ, ಕೆಚ್ಚಲು ಬಿಗಿದುಕೊಂಡು ನಿಂತಿತು. ಹೀಗೇ ಬಿಟ್ಟರೆ ಬತ್ತಿಹೋಗುತ್ತದೆ. ನಮ್ಮ ಕಡೆ ಇದಕ್ಕೊಂದು ಹಳೆಯ ಉಪಾಯವಿದೆ: ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ತಾಯಿಯ ಮುಂದೆ ಇಡುವುದು. ತಾಯಿ ಮೂಸುತ್ತದೆ, ನೆಕ್ಕುತ್ತದೆ, ಹಾಲು ಬಿಡುತ್ತದೆ. ಹೆಂಡತಿ ಅಂದೇ ಹುಲ್ಲು ತುರುಕಿ ಇಡಲು ಹೇಳಿದಳು. ನಾನು ಎರಡು ದಿನದ ಸಮಯ ಕೇಳಿದೆ. ಕಲೆ ಬಲ್ಲವನ ಮನೆಯಲ್ಲಿ ಮೂಟೆ ಕಟ್ಟಿಟ್ಟರೆ ಜನ ಏನೆಂದಾರು?

ಕರುವನ್ನು ನಾನೇ ಸುಲಿದೆ. ತೊಗಲಿಗೆ ಉಪ್ಪು ತಿಕ್ಕಿದೆ. ಅದು ಕೊಳೆಯದಿರಲೆಂದು ಚಿಕ್ಕೋಡಿಗೆ ಹೋಗಿ ಕೇರಂ ಬೋರ್ಡಿಗೆ ಹಾಕುವ ಬೋರಿಕ್ ಪುಡಿ ಎರಡು ಕಿಲೋ ಕೇಳಿದೆ. ಎಷ್ಟು ಜನ ಆಡುತ್ತೀರಿ ಎಂದ ಅಂಗಡಿಯವನು. ಕಣ್ಣಿಗೆ ನನ್ನ ಮದುವೆಯ ಕೋಟಿನ ಕರಿ ಗುಂಡಿ ಹಚ್ಚಿದೆ. ವಾಸನೆ ಬಾರದಿರಲೆಂದು ಮೈತುಂಬ ಫಿನಾಯಿಲ್ ಒರೆಸಿದೆ. ಮೂರನೇ ದಿನ ಬೆಳಿಗ್ಗೆ ಅದು ನಾಲ್ಕು ಕಾಲ ಮೇಲೆ ನಿಂತಿತು. ಏಕಸಂಬಿಯಿಂದ ಬಂದಿದ್ದ ಬೀಗರು ದೂರದಿಂದ ನೋಡಿ, ಕರು ಚುರುಕಾಗಿದೆ ಎಂದರು. ನಿಜ ಹೇಳಬೇಕೆಂದರೆ, ಕರು ಸತ್ತ ದುಃಖಕ್ಕಿಂತ ಆ ಹೊತ್ತಿನ ಸಂತೋಷವೇ ನನಗೆ ದೊಡ್ಡದಾಗಿತ್ತು.

ಎಮ್ಮೆಯ ಮುಂದೆ ಒಯ್ದು ನಿಲ್ಲಿಸಿದೆ. ಅದು ಮೂಸಿತು, ಸೀನಿತು, ತಲೆಯಿಂದ ತಳ್ಳಿ ಕೆಡವಿತು.

ಕರು ಮಲಗುತ್ತಿದ್ದ ಗೋಣಿಚೀಲ ಮೂಲೆಯಲ್ಲಿ ಹಾಗೇ ಬಿದ್ದಿತ್ತು, ಉಚ್ಚೆ ಜೊಲ್ಲು ಒಣಗಿ ಗಟ್ಟಿಯಾಗಿತ್ತು. ಹೆಂಡತಿ ಅದಕ್ಕೆ ಕಬ್ಬಿನ ಒಣ ಎಲೆಯ ರವದಿ ತುರುಕಿ, ಬಾಯಿ ಕಟ್ಟಿ, ಎಮ್ಮೆಯ ಮುಂದೆ ಇಟ್ಟಳು. ತಲೆಯಿಲ್ಲ, ಕಾಲಿಲ್ಲ. ಎಮ್ಮೆ ಒಮ್ಮೆ ಮೂಸಿ, ಸಣ್ಣಗೆ ದನಿ ತೆಗೆದು, ನೆಕ್ಕತೊಡಗಿತು. ಹಾಲು ತಾನಾಗಿ ತೊಟ್ಟಿಕ್ಕಿತು.

ಎಂಥ ದಡ್ಡ ಪ್ರಾಣಿ, ಚೀಲವನ್ನೇ ಕರು ಅಂದುಕೊಂಡಿದೆ ಎಂದೆ.

“ಕರ ಸತ್ತಿದ್ದು ಅದಕ್ಕ ಗೊತ್ತೈತ್ರಿ,” ಎಂದಳು. “ನೆಕ್ಕಾಕ ಏನಾರ ಬೇಕಲ್ಲ.”

ನಾನು ಚರಿಗೆ ಹಿಡಿದು ಹಿಂಡಲು ಕೂತೆ. ಎಮ್ಮೆ ನೆಕ್ಕುವುದನ್ನು ಬಿಟ್ಟು, ಕತ್ತು ತಿರುಗಿಸಿ ನನ್ನ ಕೈ ಮೂಸಿತು. ಕೆಚ್ಚಲು ಮತ್ತೆ ಬಿಗಿಯಿತು. ಸಾಬೂನು ಹಚ್ಚಿ ಕೈ ತೊಳೆದು ಬಂದೆ. ಮರುದಿನ ಹುಣಸೆಹಣ್ಣು ತಿಕ್ಕಿದೆ, ಅದರ ಮರುದಿನ ಬೂದಿ. ತಿಂಗಳಾದ ಮೇಲೂ ಅದು ನನ್ನ ಕೈ ಮೂಸಿ ಪಕ್ಕಕ್ಕೆ ಸರಿಯಿತು.

ಈಗ ಹೆಂಡತಿಯೇ ಹಿಂಡುತ್ತಾಳೆ. ನಾನು ಮೇವು ಹಾಕಿ ಬಾಗಿಲಲ್ಲಿ ನಿಲ್ಲುತ್ತೇನೆ. ಕರುವನ್ನು ಸುಲಿದವನು ನಾನೆಂದು ಅದಕ್ಕೆ ಯಾರೂ ಹೇಳಿರಲಿಲ್ಲ.